ಹತ್ತನೇ ತರಗತಿಯ ವರ್ಷ ತಬಲಾ ಅಟ್ಟ ಸೇರದಿರಲಿ

ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಕಡೆ ಸಂಗೀತ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಜೂನ್ ಬಂತೆಂದರೆ ಒಂದು ಮಾತು ಕೇಳಿಬರುತ್ತದೆ: "ಈ ವರ್ಷ ಎಸ್ಸೆಸ್ಸೆಲ್ಸಿ, ಸಂಗೀತದ ಕ್ಲಾಸು ಮುಂದಿನ ವರ್ಷ ನೋಡಿದರಾಯಿತು." ಆ ಮಾತಿನ ಹಿಂದೆಯೇ ತಬಲಾ ಅಟ್ಟ ಸೇರುತ್ತದೆ. ಮಳೆಗಾಲದಲ್ಲಿ ಚರ್ಮ ಸಡಿಲಾಗುತ್ತದೆ, ಇಲಿ ಗಜರಾ (ಚರ್ಮದ ಸುತ್ತ ಹೆಣೆದ ಬಳೆ) ಕಡಿಯುತ್ತದೆ. ಹತ್ತು ತಿಂಗಳು ಬಿಟ್ಟ ಕೈ ಮತ್ತೆ ದಾರಿಗೆ ಬರಲು ತಿಂಗಳುಗಟ್ಟಲೆ ಬೇಕು. ಹಾಡುವವರದ್ದೂ ಇದೇ ಪಾಡು. ಈ ವರ್ಷ ಸಂಗೀತ ಬಿಡುವುದು ಬೇಡ, ಕಡಿಮೆ ಮಾಡಿ. ಏನನ್ನು ಬಿಡಬೇಕು, ಏನನ್ನು ಬಿಡಬಾರದು ಎಂಬುದನ್ನು ಶಾಲೆ ಶುರುವಾಗುವಾಗಲೇ ಗುರುಗಳ ಜೊತೆ ಕೂತು ತೀರ್ಮಾನಿಸಿಕೊಳ್ಳಿ.

ಬೆಳಗಿನ 45 ನಿಮಿಷ

ಸಂಜೆಯನ್ನು ನಂಬಬೇಡಿ. ಶಾಲೆಯಲ್ಲಿ ವಿಶೇಷ ತರಗತಿ, ಬಸ್ಸು ತಪ್ಪುವುದು, ಕರೆಂಟು ಹೋಗುವುದು, ನೆಂಟರು ಬರುವುದು ಎಲ್ಲವೂ ಸಂಜೆಗೇ. ಬೆಳಿಗ್ಗೆ 5.15ರಿಂದ 6ರವರೆಗೆ ಅಭ್ಯಾಸ, ಆಮೇಲೆ ಓದು. ಇದನ್ನು ವಾರಕ್ಕೆ ಆರು ದಿನ ಮಾಡಿ. ಏಳನೇ ದಿನ ಗುರುಗಳ ಪಾಠ ಇರುತ್ತದೆ.

ಹಾಡುವವರು ಮೊದಲ 10 ನಿಮಿಷ ತಂಬೂರಿಯೊಡನೆ ಮಂದ್ರದ, ಅಂದರೆ ಕೆಳಗಿನ ಸಪ್ತಕದ, ಸ್ವರಗಳನ್ನು ಉದ್ದಕ್ಕೆ ಹಿಡಿಯಲಿ, ದನಿ ಮೆಲ್ಲಗಿರಲಿ. ನಂತರ 15 ನಿಮಿಷ ಪಲ್ಟಾ (ಸ್ವರಜೋಡಣೆಯ ಅಭ್ಯಾಸ), ನಿಮಿಷಕ್ಕೆ 60 ಮಾತ್ರೆಯ (ತಾಳದ ಎಣಿಕೆಯ) ಲಯದಲ್ಲಿ, ಮೊದಲು ಒಂದು ಮಾತ್ರೆಗೆ ಒಂದು ಸ್ವರ, ಆಮೇಲೆ ಎರಡು. ಉಳಿದ 20 ನಿಮಿಷ ಒಂದೇ ರಾಗ, ಇಡೀ ತಿಂಗಳು ಅದೇ ರಾಗ. ದಿನಕ್ಕೊಂದು ರಾಗ ಮುಟ್ಟಿದರೆ ಯಾವುದೂ ಗಂಟಲಲ್ಲಿ ಕೂರುವುದಿಲ್ಲ. ಸಮಯ ಕಡಿಮೆಯಿದ್ದಾಗ ಮಕ್ಕಳು ಮಾಡುವ ದೊಡ್ಡ ತಪ್ಪು ಇದೇ.

ತಬಲಾದವರು 5 ನಿಮಿಷ ತೀನತಾಲದ ಠೇಕಾ (ತಾಳದ ಮೂಲ ಬಡಿತ) ಬಾರಿಸಿ, ನಂತರ ಒಂದೇ ಒಂದು ಕಾಯದಾ (ಬೆಳೆಸುತ್ತ ಹೋಗುವ ಅಕ್ಷರಗಳ ರಚನೆ) ಹಿಡಿಯಿರಿ. "ಧಾ ಧಾ ತಿ ಟ ಧಾ ಧಾ ತಿ ನಾ, ತಾ ತಾ ತಿ ಟ ಧಾ ಧಾ ಧಿ ನಾ" ಎಂಬ 16 ಅಕ್ಷರದ ಹಳೆಯ ಕಾಯದಾ ಸಾಕು. 60ರಿಂದ ಶುರು ಮಾಡಿ, ಹತ್ತು ಆವರ್ತನ ತಪ್ಪಿಲ್ಲದೆ ಬಂದಮೇಲೆ ನಾಲ್ಕೈದು ಮಾತ್ರೆ ಏರಿಸಿ. ತೋಳು ಬಿಗಿಯಾಯಿತೆಂದರೆ ಅಲ್ಲೇ ನಿಲ್ಲಿಸಿ, ಹಿಂದಿನ ಲಯಕ್ಕೆ ಇಳಿಯಿರಿ. ಬಿಗಿದ ಕೈಯಲ್ಲಿ ಬಾರಿಸಿದ "ತಿಟ" ಹಾಗೆಯೇ ರೂಢಿಯಾಗುತ್ತದೆ, ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ.

ಬಸ್ಸಿನ ಸಮಯವೂ ಕೆಲಸಕ್ಕೆ ಬರುತ್ತದೆ. ಬೆರಳು ಎಣಿಸುತ್ತ ಬೋಲ್ (ತಬಲಾದ ಅಕ್ಷರಗಳು) ಹೇಳಿಕೊಳ್ಳಿ. ಝಪತಾಲದ 10 ಮಾತ್ರೆಯನ್ನು 2-3-2-3 ಎಂದು ಬಿಡಿಸಿ, ಬಾಯಲ್ಲೇ ದುಗುನ್ (ಇಮ್ಮಡಿ ವೇಗ) ಮಾಡಿ. ಹಾಡುವವರು ಆ ತಿಂಗಳ ರಾಗವನ್ನು ಒಬ್ಬರೇ ಗಾಯಕರಲ್ಲಿ ಮತ್ತೆ ಮತ್ತೆ ಕೇಳಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯವರೇ ಆದ ಹಾಸಣಗಿ ಗಣಪತಿ ಭಟ್ಟರ ಧ್ವನಿಮುದ್ರಣಗಳು ಸುಲಭವಾಗಿ ಸಿಗುತ್ತವೆ. ಇಯರ್‌ಫೋನಿನ ದನಿ ಅರ್ಧಕ್ಕಿಂತ ಮೇಲೆ ಬೇಡ.

ಒಡೆಯುವ ಧ್ವನಿ

ಈ ಭಾಗವನ್ನು ಹುಡುಗರ ತಂದೆ ತಾಯಿಯೂ ಓದಬೇಕು. ಹೆಚ್ಚಿನ ಹುಡುಗರಿಗೆ 12ರಿಂದ 16ರ ನಡುವೆ ಗಂಟಲು ಒಡೆಯುತ್ತದೆ. ಧ್ವನಿಪೆಟ್ಟಿಗೆ ದೊಡ್ಡದಾಗಿ ಧ್ವನಿತಂತುಗಳು ಉದ್ದ ಮತ್ತು ದಪ್ಪವಾಗುವುದರಿಂದ ಧ್ವನಿ ಸುಮಾರು ಒಂದು ಸಪ್ತಕ ಕೆಳಗಿಳಿಯುತ್ತದೆ. ಹಾಡುತ್ತಿರುವಾಗಲೇ ಸ್ವರ ಪಲ್ಟಿ ಹೊಡೆಯುತ್ತದೆ, ಮಧ್ಯದ ಒಂದೆರಡು ಸ್ವರ ಹುಟ್ಟುವುದೇ ಇಲ್ಲ. "ಹಾಡು ಹೋಯಿತು" ಎಂದು ಹುಡುಗ ಕಂಗೆಡುತ್ತಾನೆ. ಹೋಗಿಲ್ಲ. ಶ್ರುತಿ ಬದಲಿಸಬೇಕಷ್ಟೆ.

ಹೊಸ ಶ್ರುತಿ ಹುಡುಕುವುದು ಹೀಗೆ. ಹಾರ್ಮೋನಿಯಂ ಮುಂದೆ ಕೂತು, ತಿಣುಕದೆ "ಆ" ಎಂದು ಹಿಡಿಯಬಹುದಾದ ಅತ್ಯಂತ ಕೆಳಗಿನ ಮನೆ (ಕೀಲಿ) ಯಾವುದೆಂದು ನೋಡಿ. ಅದನ್ನು ಮಂದ್ರದ ಪಂಚಮ ಎಂದುಕೊಳ್ಳಿ. ಅದನ್ನು ಬಿಟ್ಟು ಕರಿ, ಬಿಳಿ ಎರಡನ್ನೂ ಸೇರಿಸಿ ಮೇಲಕ್ಕೆ ಎಣಿಸಿದರೆ ಐದನೇ ಮನೆ ನಿಮ್ಮ ಷಡ್ಜ. ಕೆಳಗಿನ ಸ್ವರ ಬಿಳಿ ಐದು (G) ಆದರೆ ಷಡ್ಜ ಬಿಳಿ ಒಂದು (C). 15 ದಿನಕ್ಕೊಮ್ಮೆ ಮತ್ತೆ ನೋಡಿ. ಶ್ರುತಿ ಇಳಿಯುತ್ತಲೇ ಇದ್ದರೆ ಗಾಬರಿ ಬೇಡ. ಈ ತಿಂಗಳುಗಳಲ್ಲಿ ತಾರ (ಮೇಲಿನ) ಸಪ್ತಕ ಬೇಡವೇ ಬೇಡ, ಮಂದ್ರ ಪಂಚಮದಿಂದ ಮಧ್ಯ ನಿಷಾದದವರೆಗೆ ಓಡಾಡಿದರೆ ಸಾಕು. ಹಳೆಯ ಎತ್ತರದ ಶ್ರುತಿಯಲ್ಲೇ ಹಾಡಿಸುವುದು, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದು ಭಾಗವತರ ಏರು ಶ್ರುತಿಯನ್ನು ಅನುಕರಿಸುವುದು, ಇವೆರಡೂ ಕುತ್ತಿಗೆ ಬಿಗಿದು ಹಾಡುವ ಅಭ್ಯಾಸ ಹಚ್ಚುತ್ತವೆ.

ಹುಡುಗಿಯರ ಧ್ವನಿಯೂ ಬದಲಾಗುತ್ತದೆ, ಆದರೆ ಎರಡು ಮೂರು ಮನೆಯಷ್ಟೇ. ಸ್ವರದಲ್ಲಿ ಗಾಳಿ ಸೇರಿದಂತೆ ಕೇಳಿಸುವುದು ಅದರ ಗುರುತು. ಜೋರು ಮಾಡಿ ಅದನ್ನು ಮುಚ್ಚಲು ಹೋಗಬಾರದು. ಇಬ್ಬರಿಗೂ ಒಂದೇ ಸೂಚನೆ: ಗೊರಗೊರ ಸ್ವರ ಮೂರು ವಾರ ದಾಟಿದರೆ ಕಷಾಯದಲ್ಲೇ ದಿನ ತಳ್ಳದೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ.

ಮಳೆಗಾಲದ ವಾದ್ಯ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ವಾದ್ಯ ಕಾಯುವುದೇ ಅರ್ಧ ಸಾಧನೆ. ತಬಲಾದ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಆಗ ಗಟ್ಟೆಗಳನ್ನು (ಬಾರಿನಡಿಯ ಮರದ ತುಂಡುಗಳನ್ನು) ಕೆಳಕ್ಕೆ ತಳ್ಳಿ ಬಾರು ಬಿಗಿ ಮಾಡಿ ಒರಟಾಗಿ ಶ್ರುತಿಗೆ ತನ್ನಿ, ಆಮೇಲೆ ಸುತ್ತಿಗೆಯಿಂದ ಗಜರಾಕ್ಕೆ ಮೇಲಿನಿಂದ ಸಣ್ಣ ಪೆಟ್ಟು ಕೊಡಿ. ಮೇಲಿನಿಂದ ಹೊಡೆದರೆ ಶ್ರುತಿ ಏರುತ್ತದೆ, ಕೆಳಗಿನಿಂದ ಹೊಡೆದರೆ ಇಳಿಯುತ್ತದೆ. ಒಂದು ಮನೆಗೆ (ಬಾರುಗಳ ನಡುವಿನ ಜಾಗಕ್ಕೆ) ಹೊಡೆದ ಮೇಲೆ ಅದರ ಎದುರಿನ ಮನೆಗೆ ಹೋಗಿ, 16 ಮನೆಗಳಲ್ಲೂ ಕಿನಾರದ (ಅಂಚಿನ) "ನಾ" ಒಂದೇ ಆಗಿದೆಯೇ ಎಂದು ಕೇಳಿ. ಸಾಲಾಗಿ ಒಂದೇ ಪಕ್ಕ ಹೊಡೆಯುತ್ತ ಹೋದರೆ ಚರ್ಮ ಓರೆಯಾಗಿ ಎಳೆಯಲ್ಪಟ್ಟು ನಾದ ಒಡೆಯುತ್ತದೆ.

ಬಹಳ ಮನೆಗಳಲ್ಲಿ ಮರೆಯುವ ವಿಷಯ ಇನ್ನೊಂದಿದೆ. ಮಳೆಗಾಲದಲ್ಲಿ ಬಿಗಿದ ಗಟ್ಟೆಗಳನ್ನು ಅಕ್ಟೋಬರ್ ಕೊನೆಗೆ ಮತ್ತೆ ಮೇಲಕ್ಕೆ ತಂದು ಸಡಿಲಿಸಬೇಕು. ಇಲ್ಲದಿದ್ದರೆ ಒಣ ಹವೆಯಲ್ಲಿ ಚರ್ಮ ತಾನೇ ಬಿಗಿದು ಒಂದು ರಾತ್ರಿ ಪಟ್ಟೆಂದು ಬಿರಿಯುತ್ತದೆ.

ತಬಲಾ ಇಡಲು ಕಬ್ಬಿಣದ ಕಪಾಟು ಒಳ್ಳೆಯದು. ಒಳಗೆ ಸಿಲಿಕಾ ಜೆಲ್‌ನ ನಾಲ್ಕೈದು ಪೊಟ್ಟಣ ಇರಲಿ. ಕಪಾಟು ಹೊರಗಿನ ಚಿರೆಕಲ್ಲು ಗೋಡೆಗೆ ತಾಗದಿರಲಿ, ಮಳೆಯಲ್ಲಿ ಆ ಗೋಡೆ ಬೆವರುತ್ತದೆ. ಬಚ್ಚಲೊಲೆಯ ಹತ್ತಿರ, ಅಡಿಕೆ ಒಣಗಿಸುವ ಹೊಗೆಯಟ್ಟದ ಮೇಲೆ ಇಡಲೇಬಾರದು, ಕಾವಿಗೆ ಸ್ಯಾಹಿ (ಚರ್ಮದ ಮೇಲಿನ ಕಪ್ಪು ಲೇಪ) ಬಿರುಕು ಬಿಟ್ಟು ಉದುರುತ್ತದೆ. ಕೈ ಬೆವರಿಗೆ ಪೌಡರ್ ಚಿಟಿಕೆಯಷ್ಟೇ. ಹೆಚ್ಚಾದರೆ ಬೆವರಿನ ಜೊತೆ ಅಂಟಾಗಿ ಸ್ಯಾಹಿಯ ಮೇಲೆ ಕೂತು ನಾದ ಮಂಕಾಗುತ್ತದೆ.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಹಾರ್ಮೋನಿಯಂಗೆ ಉಪ್ಪುಗಾಳಿಯ ಕಾಟ. ಹಿತ್ತಾಳೆ ರೀಡಿನ ಮೇಲೆ ಹಸಿರು ಕಿಲುಬು ಕಟ್ಟಿದರೆ ಸ್ವರ ಒರಟಾಗುತ್ತದೆ. ಯಾವುದಾದರೂ ಸ್ವರ ಮೂಕವಾದರೆ ಹೆಚ್ಚಾಗಿ ಅದಕ್ಕೆ ಧೂಳಿನ ಎಳೆಯೇ ಕಾರಣ. ತೆಳು ಕಾಗದದ ಚೂರನ್ನು ರೀಡಿನ ನಾಲಿಗೆಯ ಕೆಳಗೆ ಮೆಲ್ಲಗೆ ತೂರಿಸಿ ಎಳೆಯಿರಿ. ಪಿನ್ನಿನಿಂದ ಎತ್ತಿದರೆ ನಾಲಿಗೆ ಬಾಗಿ ಶ್ರುತಿಯೇ ಹೋಗುತ್ತದೆ. ಬಾರಿಸಿದ ಮೇಲೆ ತಿದಿಯನ್ನು ಮುಚ್ಚಿ ಕೊಂಡಿ ಹಾಕಿ, ತೆರೆದ ತಿದಿಯೊಳಗೆ ಜಿರಳೆ ಸೇರುತ್ತದೆ.

ಮೊಬೈಲಿನ ತಂಬೂರಿ ಆ್ಯಪ್ ಕರೆಂಟು ಹೋದಾಗ ಕೈಹಿಡಿಯುತ್ತದೆ, ಆದರೆ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಷಡ್ಜ ಸರಿಯಾಗಿ ಕೇಳದು. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಇರಲಿ, ರಾತ್ರಿಯೇ ಚಾರ್ಜ್ ಮಾಡಿಡಿ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ಇಲ್ಲವಾದರೆ 45 ನಿಮಿಷದಲ್ಲಿ 20 ವಾಟ್ಸಾಪಿಗೆ ಹೋಗುತ್ತದೆ.

ಕೊನೆಕೊಯ್ಲಿನಿಂದ ಪರೀಕ್ಷೆಯವರೆಗೆ

ವರ್ಷಕ್ಕೆ ಮೂರು ಕಾರ್ಯಕ್ರಮ ಸಾಕು. ಚೌತಿಯದ್ದೊಂದು, ಪ್ರತಿಭಾ ಕಾರಂಜಿ, ಗುರುಗಳ ಕಡೆಯದ್ದೊಂದು. ಪ್ರತಿಭಾ ಕಾರಂಜಿಯಲ್ಲಿ ತಾಲೂಕು ದಾಟಿದರೆ ಘಟ್ಟದ ಮೇಲಿನವರಿಗೆ ಶಿರಸಿ, ಕರಾವಳಿಯವರಿಗೆ ಕಾರವಾರ ಶೈಕ್ಷಣಿಕ ಜಿಲ್ಲೆಯ ಹಂತ ಬರುತ್ತದೆ, ಆ ವಾರದ ಓದನ್ನು ಮೊದಲೇ ಮುಗಿಸಿಟ್ಟುಕೊಳ್ಳಿ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಸಂಗೀತ ಪರೀಕ್ಷೆಗಳು ವರ್ಷಕ್ಕೆರಡು ಸಲ ನಡೆಯುತ್ತವೆ. ಲಿಖಿತ ಪತ್ರಿಕೆಯಿರುವ ಹಂತಕ್ಕೆ ಬಂದಿದ್ದರೆ ಈ ವರ್ಷ ಕಟ್ಟದಿರುವುದೇ ಮೇಲು, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ಡಿಸೆಂಬರ್ ನಂತರ ಹೊಸ ರಾಗ, ಹೊಸ ಕಾಯದಾ ಬೇಡ. ಆಗ ಅಡಿಕೆ ತೋಟದ ಮನೆಗಳಲ್ಲಿ ಕೊನೆಕೊಯ್ಲು ನಡೆದಿರುತ್ತದೆ, ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುತ್ತಾರೆ. ತಬಲಾ ಬಾರಿಸುವ ಹುಡುಗ ಮೆಟ್ಟುಗತ್ತಿಯ ಮುಂದೆ ಕೂರದಿರಲಿ. ತೋರುಬೆರಳು ಸ್ವಲ್ಪ ಕೊಯ್ದುಕೊಂಡರೂ ಎರಡು ವಾರ ಕಿನಾರ ಮುಟ್ಟಲಾಗದು. ಬೇಯಿಸುವ ಒಲೆಯ ಹೊಗೆ ಹಾಡುವವರ ಗಂಟಲು ಒಣಗಿಸುತ್ತದೆ. ಮನೆಗೆಲಸ ತಪ್ಪಿಸಿಕೊಳ್ಳಿ ಎಂದಲ್ಲ, ಅಂಗಳದಲ್ಲಿ ಅಡಿಕೆ ಹರಡುವ, ಆರಿಸುವ ಕೆಲಸ ಬೇಕಾದಷ್ಟಿದೆ.

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಓದಿನ ಬಿಗಿ ದಿನಗಳಲ್ಲೇ ಬೀಳುತ್ತದೆ. ಒಂದು ದಿನ ಹೋಗಿ ಬನ್ನಿ, ಆದರೆ ಮೈಕಿನ ಗದ್ದಲದ ನಡುವೆ ಕೂಗಿ ಮಾತಾಡಬೇಡಿ. ಗಂಟಲು ಕೆಡುವುದು ಹೆಚ್ಚಾಗಿ ಹಾಡಿನಿಂದಲ್ಲ, ಕೂಗಿನಿಂದ.

ಫೆಬ್ರವರಿಯಿಂದ 45 ನಿಮಿಷವನ್ನು 20ಕ್ಕೆ ಇಳಿಸಿ. ಪರೀಕ್ಷೆಯ ಹಿಂದಿನ ಸಂಜೆ ಕಾಯದಾ ಬಾರಿಸಬೇಡಿ, ಮರುದಿನ ಮೂರು ಗಂಟೆ ಬರೆಯುವ ಮಣಿಕಟ್ಟು ಅದೇ. ಹತ್ತು ನಿಮಿಷ ಠೇಕಾ, ಇಲ್ಲವೇ ತಂಬೂರಿ ಹಾಕಿ ಬರೀ ಷಡ್ಜ, ಅಷ್ಟೇ ಇರಲಿ.

ಪರೀಕ್ಷೆ ಮುಗಿದ ಮರುದಿನವೇ ನಾಲ್ಕು ತಾಸು ಕೂರಲು ಹೋಗುವವರಿದ್ದಾರೆ. ಮೂರೇ ದಿನಕ್ಕೆ ಭುಜ ಹಿಡಿದುಕೊಳ್ಳುತ್ತದೆ. ಮೊದಲ ವಾರ ದಿನಕ್ಕೆ 40 ನಿಮಿಷ, ಎರಡನೇ ವಾರ 60, ಆಮೇಲೆ 90. ಪಿಯುಸಿಯ ಕಲಾ ವಿಭಾಗದಲ್ಲಿ ಹಿಂದೂಸ್ತಾನಿ ಸಂಗೀತವನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಎಲ್ಲ ಕಾಲೇಜಿನಲ್ಲೂ ಅದಿಲ್ಲ, ಅರ್ಜಿ ಹಾಕುವ ಮೊದಲೇ ವಿಚಾರಿಸಿ. ತಬಲಾದ ಪುಡಿ, ಅಂದರೆ ಮೇಲಿನ ಚರ್ಮ, ಹಳೆಯದಾಗಿದ್ದರೆ ಹುಬ್ಬಳ್ಳಿ ಧಾರವಾಡದ ಕಡೆ ಕಳಿಸುವ ಕೆಲಸವನ್ನೂ ಏಪ್ರಿಲ್‌ನಲ್ಲೇ ಮಾಡಿ. ಮೇ 15ರೊಳಗೆ ವಾಪಸು ಬಂದರೆ ಹೊಸ ಚರ್ಮ ಬಿಸಿಲ ದಿನಗಳಲ್ಲೇ ಎಳೆದು ಕೂರುತ್ತದೆ. ಜೂನ್‌ನಲ್ಲಿ ಹಾಕಿಸಿದ್ದು ದೀಪಾವಳಿಯವರೆಗೂ ಶ್ರುತಿಗೆ ನಿಲ್ಲುವುದಿಲ್ಲ.