ಮನೆ ಪಾರ್ಟಿಗೆ ಚೀಸ್ ಬೋರ್ಡ್: ನಾಲ್ಕೇ ಬಗೆ ಸಾಕು

ಚೀಸ್ ಬೋರ್ಡ್, ಅಂದರೆ ಬಗೆಬಗೆಯ ಚೀಸ್ ಜೋಡಿಸಿಟ್ಟ ಹಲಗೆ, ಅಂದ ತಕ್ಷಣ ಎಂಟು ಹತ್ತು ಬಗೆ ತಂದು ತುಂಬಿಸಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಬೇಡ. ಹತ್ತು ಜನಕ್ಕೆ ನಾಲ್ಕು ಬಗೆ ಧಾರಾಳವಾಯಿತು. ಊಟಕ್ಕೆ ಮುಂಚೆ ಕೊಡುವುದಾದರೆ ತಲೆಗೆ 50-60 ಗ್ರಾಂ ಲೆಕ್ಕ ಹಾಕಿ, ಅಂದರೆ ಒಟ್ಟು ಅರ್ಧ ಕೆಜಿ ಚಿಲ್ಲರೆ. ಸ್ಲೈಸ್ ಮಾಡಿ ಪ್ಯಾಕೆಟ್‌ನಲ್ಲಿ ಬರುವ ಪ್ರೊಸೆಸ್ಡ್ ಚೀಸ್ ಮಾತ್ರ ಇಲ್ಲಿಗೆ ತರಬೇಡಿ, ಅದು ಸ್ಯಾಂಡ್‌ವಿಚ್‌ಗೇ ಇರಲಿ.

ಒಂದು ಮೆತ್ತಗಿನದು, ಒಂದು ಅರೆಗಟ್ಟಿ, ಒಂದು ಗಟ್ಟಿ, ಒಂದು ಘಾಟಿನದು. ಮೆತ್ತಗಿನದಕ್ಕೆ ಫ್ರಾನ್ಸಿನ ಬ್ರೀ. ಅರೆಗಟ್ಟಿಗೆ ಗೌಡಾ. ಗಟ್ಟಿಗೆ ಸ್ಪೇನಿನ ಮಾಂಚೆಗೊ ಸಿಕ್ಕರೆ ಬಿಡಬೇಡಿ, ಕುರಿ ಹಾಲಿನದು, ರುಚಿಯೇ ಬೇರೆ; ಸಿಗದಿದ್ದರೆ ಚೆನ್ನಾಗಿ ಮಾಗಿಸಿದ ಚೆಡ್ಡಾರ್. ಘಾಟಿಗೆ ನೀಲಿ ಗೆರೆಗಳ ಬ್ಲೂ ಚೀಸ್. ಎಲ್ಲವೂ ಹೊರದೇಶದ್ದೇ ಆಗಬೇಕಿಲ್ಲ. ಆರೋವಿಲ್‌ನ ಲಾ ಫೆರ್ಮ್ ಚೀಸ್ ಇದೆ, ನಮ್ಮ ಬೆಂಗಳೂರಲ್ಲೇ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳು ಮಾಡುವ ವಲ್ಲೊಂಬ್ರೊಸಾ ಚೀಸ್ ಇದೆ.

ಬರುವವರಲ್ಲಿ ಸಸ್ಯಾಹಾರಿಗಳಿದ್ದರೆ ಒಂದು ವಿಷಯ ಗಮನಿಸಲೇಬೇಕು. ಹಾಲು ಒಡೆಯಲು ಹಾಕುವ ರೆನೆಟ್ ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದದ್ದು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸ್ ಯಾವಾಗಲೂ ಅದರಲ್ಲೇ ಆಗುತ್ತದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿಕೊಂಡು ತನ್ನಿ. ಗೊತ್ತಿಲ್ಲದೆ ಅವರಿಗೆ ತಿನ್ನಿಸುವುದು ತಪ್ಪಲ್ವಾ?

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಫ್ರಿಜ್ಜಿನಿಂದ ತೆಗೆದ ತಕ್ಷಣ ಬಡಿಸಬೇಡಿ. ತಣ್ಣಗಿರುವ ಬ್ರೀ ಬಾಯಲ್ಲಿ ಮೇಣದ ಹಾಗಿರುತ್ತದೆ, ಪರಿಮಳ ಏಳುವುದೇ ಇಲ್ಲ. ನಾನು ಮೊದಲ ಸಲ ಹಾಗೇ ಕೊಟ್ಟಿದ್ದೆ, ಯಾರೂ ಎರಡನೇ ತುಂಡು ತೆಗೆದುಕೊಳ್ಳಲಿಲ್ಲ; ಅರ್ಧ ಗಂಟೆ ಕಳೆದ ಮೇಲೆ ಅದೇ ಬ್ರೀ ಒಳಗೆ ಕೆನೆಯ ಹಾಗೆ ಮೆತ್ತಗಾಗಿ ಐದೇ ನಿಮಿಷದಲ್ಲಿ ಖಾಲಿಯಾಯಿತು. ಬೆಂಗಳೂರಿನ ಹವೆಗೆ ಗಟ್ಟಿ ಚೀಸನ್ನು ಮುಕ್ಕಾಲು ಗಂಟೆ ಮುಂಚೆ, ಮೆತ್ತಗಿನದನ್ನು ಅರ್ಧ ಗಂಟೆ ಮುಂಚೆ ಹೊರಗಿಡಿ. ಮಂಗಳೂರಿನ ಸೆಖೆಗೆ ಇದರ ಅರ್ಧ ಸಾಕು.

ಜೋಡಿಸುವಾಗ ಮೊದಲು ಚೀಸ್‌ಗಳನ್ನು ದೂರ ದೂರ ಇಡಿ, ಬ್ಲೂ ಚೀಸ್ ಒಂದು ಅಂಚಿಗೆ. ಒಂದೊಂದಕ್ಕೂ ಬೇರೆ ಚಾಕು. ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಎಲ್ಲದಕ್ಕೂ ಅದೇ ಘಾಟು ಬರುತ್ತದೆ. ಬ್ರೀ ತ್ರಿಕೋನದ ತುಂಡಾಗಿದ್ದರೆ ಚೂಪು ತುದಿಯನ್ನು ಅಡ್ಡ ಕತ್ತರಿಸಬೇಡಿ, ಉದ್ದಕ್ಕೆ ಸೀಳಿ, ಆಗ ಎಲ್ಲರಿಗೂ ಒಳಗಿನ ಮೆತ್ತನೆ ಭಾಗ ಸಿಗುತ್ತದೆ. ಅದರ ಬಿಳಿ ಸಿಪ್ಪೆ ತಿನ್ನಬಹುದು. ಗೌಡಾದ ಮೇಲಿನ ಮೇಣ ತಿನ್ನಬಾರದು, ಮೊದಲೇ ತೆಗೆದುಬಿಡಿ. ಗಟ್ಟಿ ಚೀಸ್‌ನಲ್ಲಿ ನಾಲ್ಕೈದು ತೆಳು ತುಂಡು ನೀವೇ ಕತ್ತರಿಸಿಡಿ, ಮುಟ್ಟದ ಗಡ್ಡೆಗೆ ಚಾಕು ಹಾಕಲು ನೆಂಟರು ಹಿಂಜರಿಯುತ್ತಾರೆ.

ಆಮೇಲೆ ಜೇನಿನ ಸಣ್ಣ ಬಟ್ಟಲು, ಸಪ್ಪೆ ಬಿಸ್ಕತ್ತು, ಕೊನೆಗೆ ಸಂದಿಗಳಲ್ಲಿ ದ್ರಾಕ್ಷಿ, ಆಕ್ರೋಟು, ವಿಜಯಪುರದ ಒಣದ್ರಾಕ್ಷಿ. ಬ್ಲೂ ಚೀಸ್ ಮೇಲೆ ಕೊಡಗಿನ ಜೇನು ಒಂದು ಹನಿ ಹಾಕಿ ತಿಂದು ನೋಡಿ, ಆ ಉಪ್ಪಿಗೂ ಸಿಹಿಗೂ ಎಷ್ಟು ಹೊಂದುತ್ತದೆ! ಸ್ಪೇನಿನಲ್ಲಿ ಮಾಂಚೆಗೊ ಜೊತೆ ಕ್ವಿನ್ಸ್ ಹಣ್ಣಿನ ಗಟ್ಟಿ ಹಲ್ವದಂಥದ್ದು ಕೊಡುತ್ತಾರೆ. ಇಲ್ಲಿ ಸೀಬೆಹಣ್ಣಿನ ಜೆಲ್ಲಿ ಆ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಕೋಡುಬಳೆ, ಖಾರದ ನಿಪ್ಪಟ್ಟು ಬೇರೆ ತಟ್ಟೆಯಲ್ಲಿರಲಿ. ಖಾರ ತಿಂದ ನಾಲಿಗೆಗೆ ಬ್ರೀ ಬರೀ ಬೆಣ್ಣೆ.

ಉಳಿದದ್ದನ್ನು ಬಟರ್ ಪೇಪರ್‌ನಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಬ್ಲೂ ಚೀಸ್‌ಗೆ ಬೇರೆ ಡಬ್ಬಿ. ಬ್ರೀಯನ್ನು ಎರಡು ಮೂರು ದಿನದಲ್ಲಿ ಮುಗಿಸಿ. ಗೌಡಾದ ಚೂರುಗಳನ್ನು ತುರಿದು ಬೆಳಗಿನ ಆಮ್ಲೆಟ್‌ಗೋ ದೋಸೆಗೋ ಹಾಕಿಕೊಳ್ಳಿ.