ನಾನು ಬರೀ ಮುಚ್ಚಳ ಅಂದುಕೊಂಡಿದ್ದ ಜೇಡಿಪದರ

ನಮ್ಮೂರು ಗದಗದ ಕಡೆ. ಎರೆಮಣ್ಣಿನ ಸೀಮೆ. ಮಳೆಗೆ ನೆಲ ಉಬ್ಬಿ, ಬೇಸಿಗೆಗೆ ಬಿರಿದು, ಮನೆ ಗೋಡೆ ಸೀಳುವುದನ್ನು ನೋಡಿಯೇ ಬೆಳೆದವನು ನಾನು. ಹಾಗಾಗಿ ಎಂ.ಟೆಕ್. ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ, ಸಹಾರಾ ಮರುಭೂಮಿಯಲ್ಲೂ ನೆಲ ಉಬ್ಬಿದೆ ಅಂತ ಓದಿದ ಕೂಡಲೇ ಅದನ್ನೇ ಹಿಡಿದುಕೊಂಡೆ.

ಜಾಗ ಅಲ್ಜೀರಿಯಾದ ಇನ್ ಸಾಲಾ ಯೋಜನೆಯ ಕ್ರೆಚ್ಬಾ. ಅಲ್ಲಿ ಸಿಗುವ ನೈಸರ್ಗಿಕ ಅನಿಲದಿಂದ ಇಂಗಾಲದ ಡೈಆಕ್ಸೈಡ್ ಬೇರೆ ಮಾಡಿ, 2004ರಿಂದ 2011ರವರೆಗೆ ಮೂರು ಬಾವಿಗಳ ಮೂಲಕ ಮತ್ತೆ ನೆಲದೊಳಕ್ಕೇ ತುಂಬಿದರು. ಸುಮಾರು 38 ಲಕ್ಷ ಟನ್. ತುಂಬಿದ್ದು ಹೆಚ್ಚುಕಡಿಮೆ 1.9 ಕಿಲೋಮೀಟರ್ ಆಳದ, ಬರೀ 20 ಮೀಟರ್ ದಪ್ಪದ ಮರಳುಗಲ್ಲಿನ ಪದರಕ್ಕೆ. ಅದರ ಮೇಲೆ ನೂರಾರು ಮೀಟರ್ ಜೇಡಿಕಲ್ಲು. ಬಾವಿಗಳ ಸುತ್ತ ನೆಲ ವರ್ಷಕ್ಕೆ ಸುಮಾರು 5 ಮಿಲಿಮೀಟರ್ ಏಳುತ್ತಿರುವುದನ್ನು ಉಪಗ್ರಹದ ರಾಡಾರ್ ಹಿಡಿದಿತ್ತು. ಗಿಡ ಇಲ್ಲ, ಬೆಳೆ ಇಲ್ಲ, ಬರೀ ಕಲ್ಲುನೆಲ. ರಾಡಾರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕಂಪ್ಯೂಟರ್ ಮುಟ್ಟುವ ಮೊದಲು ಹಾಳೆಯ ಮೇಲೆ ಲೆಕ್ಕ ಹಾಕಿದೆ. ತುಂಬಿದ್ದರಿಂದ ಮರಳುಗಲ್ಲಿನೊಳಗೆ ಒತ್ತಡ 10 ಮೆಗಾಪಾಸ್ಕಲ್ ಏರಿತು ಅಂದುಕೊಳ್ಳಿ. ಮರಳುಗಲ್ಲಿನ ಯಂಗ್ ಮಾಡ್ಯುಲಸ್, ಅಂದರೆ ಅದರ ಬಿಗಿತ, 6 ಗಿಗಾಪಾಸ್ಕಲ್; ಪಾಯ್ಸನ್ ರೇಷಿಯೊ, ಅಂದರೆ ಒಂದು ಕಡೆ ಒತ್ತಿದರೆ ಪಕ್ಕಕ್ಕೆ ಎಷ್ಟು ಹಿಗ್ಗುತ್ತದೆ ಅನ್ನುವ ಅಳತೆ, 0.2. ಆಗ ಪದರ ಮೀಟರಿಗೆ 1.5 ಮಿಲಿಮೀಟರ್ ಉಬ್ಬುತ್ತದೆ. 20 ಮೀಟರಿಗೆ 30 ಮಿಲಿಮೀಟರ್. ಮೇಲೆ ಬರುತ್ತಾ ಉಬ್ಬು ಅಗಲವಾಗಿ ಹರಡಿ ತಗ್ಗುತ್ತದೆ. ಕೆಲವು ವರ್ಷಗಳಲ್ಲಿ ನೆಲದ ಮೇಲೆ ಒಂದೆರಡು ಸೆಂಟಿಮೀಟರ್ ಕಂಡರೆ ಲೆಕ್ಕ ಕೂಡಿಬರುತ್ತದೆ. ಇಲ್ಲಿ ಉಬ್ಬಿಸುವುದು ಒತ್ತಡ. ನಮ್ಮೂರ ಎರೆಮಣ್ಣು ಉಬ್ಬುವುದು ಅದರ ಕಣಗಳೇ ನೀರು ಹೀರುವುದರಿಂದ. ಎರಡೂ ಬೇರೆ.

ಆಮೇಲೆ ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟಿದೆ. ಮೇಲಿನ ಜೇಡಿಪದರವನ್ನು ಸುಮ್ನೆ ಒಂದು ಮುಚ್ಚಳ ಅಂತಲೇ ಅಂದುಕೊಂಡಿದ್ದೆ. ನೀರು ಬಿಡದ ಪದರ, ಅದಕ್ಕೇನಾಗುತ್ತದೆ, ಅಲ್ವಾ? ಮೊದಲ ಸಲ ಓಡಿಸಿದಾಗಲೇ ವಿಚಿತ್ರ ಕಂಡಿತು. ಕೆಳಗೆ ಒತ್ತಡ ಏರುತ್ತಿದೆ, ಜೇಡಿಯೊಳಗೆ ಮಾತ್ರ ಇಳಿಯುತ್ತಿದೆ! ಪ್ಲಸ್ ಮೈನಸ್ ಎಲ್ಲೋ ತಪ್ಪಾಗಿದೆ ಅಂತ ಮೂರು ದಿನ ಹುಡುಕಿದೆ.

ತಪ್ಪು ಒಂದು ಇತ್ತು, ಆದರೆ ಬೇರೆ ಕಡೆ. ಎರಡು ಪದರ ಸೇರುವಲ್ಲಿ ಒತ್ತಡದ ಗೆರೆ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಅದನ್ನು ಸರಿಮಾಡಲು ಕಾಲದ ಹೆಜ್ಜೆಯನ್ನು, ಅಂದರೆ ಮಾಡೆಲ್ ಒಂದು ಸಲಕ್ಕೆ ಮುಂದೆ ಹೋಗುವ ಸಮಯವನ್ನು, ಚಿಕ್ಕದು ಮಾಡಿದೆ. ಇನ್ನೂ ಕೆಟ್ಟಿತು. ನೀರು ತೀರಾ ನಿಧಾನಕ್ಕೆ ಸಾಗುವ ಪದರದಲ್ಲಿ ಮೊದಲು ಚಿಕ್ಕದು ಮಾಡಬೇಕಾದ್ದು ಜಾಲರಿಯನ್ನು, ಅಂದರೆ ಲೆಕ್ಕಕ್ಕಾಗಿ ಕಲ್ಲನ್ನು ಹಂಚಿದ ಚೌಕಗಳನ್ನು. ಅಲ್ಲಿ ಜಾಲರಿ ಒರಟಾಗಿದ್ದರೆ ಕಾಲದ ಹೆಜ್ಜೆ ಚಿಕ್ಕದಾದಷ್ಟೂ ಕುಣಿತ ಜಾಸ್ತಿ. ಜಾಲರಿ ಸಣ್ಣ ಮಾಡಿದ ಮೇಲೆ ಹಲ್ಲುಗಳು ಹೋದವು. ಇಳಿತ ಮಾತ್ರ ಹಾಗೇ ಉಳಿಯಿತು.

ಗ್ರಾಫ್ ತಗೊಂಡು ಗೈಡ್ ಹತ್ತಿರ ಹೋದೆ. ನೋಡಿದವರೇ, "ಕೆಳಗಿನ ಪದರ ಮೇಲಕ್ಕೆ ಮಾತ್ರ ಉಬ್ಬುತ್ತದೇನಪ್ಪಾ?" ಅಂದರು.

ಅಷ್ಟೇ ಸಾಕಾಯಿತು. ಮರಳುಗಲ್ಲು ಪಕ್ಕಕ್ಕೂ ಹಿಗ್ಗುತ್ತದೆ. ಅದಕ್ಕೆ ಅಂಟಿಕೊಂಡ ಜೇಡಿಯನ್ನೂ ಜೊತೆಗೆ ಎಳೆಯುತ್ತದೆ. ಜೇಡಿಯ ಸಂದಿಗಳು ತುಸುವೇ ತುಸು ಅಗಲವಾಗುತ್ತವೆ, ಒಳಗಿನ ನೀರು ಮಾತ್ರ ಮೊದಲಿನಷ್ಟೇ. ಹೊರಗಿಂದ ನೀರು ಬೇಗ ಬರಲಾರದು. ಒತ್ತಡ ಇಳಿಯದೆ ಇನ್ನೇನು? ಕೆಳಗಿನ ಒತ್ತಡ ನಿಧಾನವಾಗಿ ಜೇಡಿಗೆ ಹರಡಿದ ಮೇಲೆ ಅದು ಮತ್ತೆ ಏರುತ್ತದೆ. ಇದರ ತಿರುವುಮುರುವು ನೆದರ್ಲೆಂಡ್ಸ್‌ನ ನೋರ್ಡ್‌ಬರ್ಗುಮ್ ಎಂಬ ಹಳ್ಳಿಯಲ್ಲಿ ಮೊದಲೇ ಕಂಡಿತ್ತು. ಅಲ್ಲಿ ನೀರು ಎತ್ತಲು ಶುರುಮಾಡಿದಾಗ ಪಕ್ಕದ ಪದರದ ಬಾವಿಯಲ್ಲಿ ಮಟ್ಟ ಸ್ವಲ್ಪ ಹೊತ್ತು ಏರಿತ್ತು. ಇದಕ್ಕೆ ಆ ಹಳ್ಳಿಯ ಹೆಸರೇ ಉಳಿದಿದೆ.

ಆಮೇಲೆ ಕ್ರೆಚ್ಬಾದ ಆ ಮೂರು ಬಾವಿಗಳಲ್ಲೊಂದಾದ ಕೆಬಿ-502ಕ್ಕೆ ಬಂದೆ. ಅದರ ಮೇಲಿನ ನೆಲದಲ್ಲಿ ಒಂದು ಉಬ್ಬಲ್ಲ, ಅಕ್ಕಪಕ್ಕ ಎರಡು ಉಬ್ಬು, ನಡುವೆ ತಗ್ಗು. ಅಡ್ಡ ಪದರ ಎಷ್ಟೇ ಉಬ್ಬಿದರೂ ಈ ಆಕಾರ ಬರುವುದಿಲ್ಲ. ವಾಯವ್ಯ–ಆಗ್ನೇಯ ದಿಕ್ಕಿಗೆ ನಿಂತ ಬಿರುಕು ವಲಯವೊಂದನ್ನು ಮಾಡೆಲ್ಲಿಗೆ ಸೇರಿಸಿ, ಅದನ್ನು ಮುಚ್ಚಳದ ಕೆಳಭಾಗದವರೆಗೆ ಎಬ್ಬಿಸಿದೆ. ಬಿರುಕು ತೆರೆದುಕೊಂಡರೆ ಎರಡು ಬದಿಯ ಕಲ್ಲನ್ನು ತಳ್ಳುತ್ತದೆ, ನೆತ್ತಿಯ ಮೇಲಿನ ನೆಲ ಹಿಂದೆ ಬೀಳುತ್ತದೆ. 2011ರಲ್ಲಿ ತುಂಬುವುದನ್ನು ನಿಲ್ಲಿಸಿದ್ದೂ ಈ ಮುಚ್ಚಳದ ಆತಂಕಕ್ಕೇ.

ರಾತ್ರಿ ಹನ್ನೊಂದರ ಹೊತ್ತಿಗೆ ಲ್ಯಾಬಿನ ಪರದೆಯ ಮೇಲೆ ಎರಡು ಉಬ್ಬು ಒಟ್ಟಿಗೇ ಎದ್ದವು, ನಡುವಿನ ತಗ್ಗಿನ ಸಮೇತ.