ಎಷ್ಟು ದಿನ ಅಂತ ಕಾಯೋದು? ಮಗನ ಮಾತಿನ ವಿಷಯದಲ್ಲಿ ನನ್ನ ಅನುಭವ

ಮಗನಿಗೆ 2 ವರ್ಷ ತುಂಬಿದಾಗ ನನ್ನ ಲೆಕ್ಕದಲ್ಲಿ ಅವನು ಹೇಳುತ್ತಿದ್ದದ್ದು ಒಂಬತ್ತೇ ಪದ. ಅದರಲ್ಲೂ ಎರಡು ನನಗೆ ಮಾತ್ರ ಅರ್ಥವಾಗುತ್ತಿದ್ದವು. "ಅವರಪ್ಪನೂ ಮೂರು ವರ್ಷದ ತನಕ ಬಾಯಿ ಬಿಟ್ಟಿರಲಿಲ್ಲ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ" ಅಂದರು ಅತ್ತೆ. ಮೊದಲು ತೋರಿಸಿದ ಡಾಕ್ಟರೂ ಮೂರು ತುಂಬಲಿ ನೋಡೋಣ ಅಂದುಬಿಟ್ಟರು. ನಿಜ ಹೇಳಬೇಕಂದ್ರೆ ಆ ಮಾತು ಕೇಳಿ ನನಗೂ ಹಾಯೆನಿಸಿತ್ತು.

ಆದರೂ ಮನಸ್ಸು ತಡೆಯದೆ ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಅವನ ಮಾತು ಬರೆದಿಟ್ಟೆ. ಉಚ್ಚಾರಣೆ ಸರಿ ಇರಲೇಬೇಕು ಅಂತೇನಿಲ್ಲ. ಒಂದೇ ವಸ್ತುವಿಗೆ ಪ್ರತಿ ಸಲವೂ ಒಂದೇ ಶಬ್ದ ಬಳಸಿದರೆ ಅದೂ ಪದವೇ, ನಾಯಿಗೆ "ಬೌ ಬೌ" ಅಂದರೂ ಲೆಕ್ಕಕ್ಕೆ ಸೇರುತ್ತದೆ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡರ ಪದಗಳನ್ನೂ ಸೇರಿಸಿಯೇ ಎಣಿಸಬೇಕು (ಎರಡು ಭಾಷೆಯಿಂದ ಮಾತು ತಡವಾಗುತ್ತದೆ ಅನ್ನೋದು ಸುಳ್ಳು). ಹಾಗೆ ಎಣಿಸಿದರೆ ನನ್ನ ಒಂಬತ್ತು ಹದಿನಾಲ್ಕಾಯಿತು. ಖುಷಿಪಡುವಂತಿರಲಿಲ್ಲ, ಯಾಕಂದ್ರೆ ಆ ವಯಸ್ಸಿಗೆ ಸುಮಾರು 50 ಪದ ಇರಬೇಕು, "ಅಮ್ಮ ಬಾ" ಅಂತ ಎರಡು ಪದ ಜೋಡಿಸೋಕೂ ಶುರು ಮಾಡಿರಬೇಕು.

ಆದರೆ ನನ್ನನ್ನು ಎಬ್ಬಿಸಿದ್ದು ಈ ಲೆಕ್ಕ ಅಲ್ಲ. ಒಂದು ದಿನ ಅವನ ಹಿಂದೆ ನಿಂತು, ಕೈ ತೋರಿಸದೆ, ಮೆಲ್ಲಗೆ "ಚಪ್ಪಲಿ ತಗೊಂಡು ಬಾ" ಅಂದೆ. ತಿರುಗಲೇ ಇಲ್ಲ. ಮುಂದೆ ಬಂದು ಗದ್ದದಿಂದ ಚಪ್ಪಲಿ ಕಡೆ ಸನ್ನೆ ಮಾಡಿ ಅದೇ ಮಾತು ಹೇಳಿದೆ, ಓಡಿ ಹೋಗಿ ತಂದ. ಇಷ್ಟು ದಿನ "ಮಾತು ಬರಲ್ಲ, ಆದ್ರೆ ಎಲ್ಲ ಅರ್ಥ ಆಗುತ್ತೆ" ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ, ಅವನು ಓದುತ್ತಿದ್ದದ್ದು ನನ್ನ ಗದ್ದವನ್ನ!

ಮರುದಿನವೇ ಕಿವಿ ಪರೀಕ್ಷೆಗೆ ಹೆಸರು ಬರೆಸಿದೆ. ಸ್ಪೀಚ್ ಥೆರಪಿಗೆ ಹೋದರೂ ಮೊದಲು ಕೇಳೋದು ಇದನ್ನೇ. ಹುಟ್ಟಿದಾಗ ಮಾಡಿದ ಪರೀಕ್ಷೆ ಸರಿ ಇತ್ತಲ್ಲ ಅಂದೆ, ಆಮೇಲೂ ತೊಂದರೆ ಬರಬಹುದು ಅಂದರು. ಅವನಿಗೆ ಕಿವಿಯ ತಮಟೆಯ ಹಿಂದೆ ನೀರು ತುಂಬಿತ್ತು. ಶಬ್ದ ಪೂರ್ತಿ ನಿಂತಿರಲಿಲ್ಲ, ನೀರೊಳಗೆ ಮುಳುಗಿ ಕೇಳಿದ ಹಾಗೆ ಮಂಕಾಗಿತ್ತು. ಬಾಗಿಲು ಬಡಿದರೆ ತಿರುಗುತ್ತಿದ್ದ, ಅದಕ್ಕೇ ನಮಗೆ ಅನುಮಾನ ಬರಲಿಲ್ಲ. ಈ ನೀರು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದಂತೆ, ಮೂರು ತಿಂಗಳು ನೋಡೋಣ ಅಂದರು. ಥೆರಪಿಗೆ ಮಾತ್ರ ಕಾಯಲಿಲ್ಲ. ತಡವಾಗಿ ಮಾತಾಡುವ ಮಕ್ಕಳಲ್ಲಿ ಬಹಳಷ್ಟು ಮಕ್ಕಳು ತಾವೇ ಸರಿಹೋಗುತ್ತಾರೆ ಅನ್ನೋದು ನಿಜ, ಆದರೆ ಆ ಗುಂಪಿನಲ್ಲಿ ನನ್ನ ಮಗ ಇದ್ದಾನೋ ಇಲ್ಲವೋ ಅಂತ ಎರಡು ವರ್ಷಕ್ಕೆ ಯಾರೂ ಖಚಿತವಾಗಿ ಹೇಳಲಾರರು.

ಮೊದಲ ದಿನ ಥೆರಪಿಸ್ಟ್ ನೆಲದ ಮೇಲೆ ಕೂತು ಸೋಪಿನ ಗುಳ್ಳೆ ಊದಿದರು, ಮುಚ್ಚಳ ಬಿಗಿಯಾಗಿ ಹಾಕಿ ಅವನ ಕೈಗೆ ಕೊಟ್ಟು ಸುಮ್ಮನೆ ಕೂತರು. ನಾನು ಬಾಯಿ ಹಾಕಲು ಹೋದೆ, ಕೈಯೆತ್ತಿ ತಡೆದರು. ಅವನು ತಿರುಗಿಸಿದ, ಕಚ್ಚಿದ, ಕೊನೆಗೆ ಅವರ ಮುಖ ನೋಡಿ "ತೆ" ಅಂದ. ಮನೆಯಲ್ಲಾಗಿದ್ದರೆ ಅಷ್ಟರಲ್ಲಿ ಹತ್ತು ಸಲ ತೆಗೆದುಕೊಟ್ಟಿರುತ್ತಿದ್ದೆ. ಅವನು ಕೇಳುವ ಮೊದಲೇ ಎಲ್ಲ ಕೈಗಿಡುವ ಅಭ್ಯಾಸ ನನಗೆ ಜಾಸ್ತಿಯೇ ಇತ್ತು. "ಹೇಳು, ಹೇಳು" ಅಂತ ಪೀಡಿಸೋದನ್ನೂ ಅವತ್ತೇ ಬಿಡಿಸಿದರು. "ಚೆಂಡು" ಅಂದರೆ "ದೊಡ್ಡ ಚೆಂಡು" ಅಂತ ಒಂದು ಪದ ಸೇರಿಸಿ ವಾಪಸ್ ಹೇಳೋದು, ಅಷ್ಟೇ.

ಎಲ್ಲರೂ ಎರಡು ವರ್ಷದ ತನಕ ಕಾಯಬೇಕಿಲ್ಲ. ವರ್ಷ ತುಂಬಿದರೂ ಬೆರಳು ತೋರಿಸಲ್ಲ, ಟಾಟಾ ಮಾಡಲ್ಲ, ಹೆಸರು ಕರೆದರೆ ನೋಡಲ್ಲ, 16 ತಿಂಗಳಾದರೂ ಒಂದು ಪದವೂ ಇಲ್ಲ ಅಂದರೆ ಆಗಲೇ ತೋರಿಸಿ. ಬಂದ ಮಾತು ಹೋದರೆ ಯಾವ ವಯಸ್ಸಾದರೂ ಅದೇ ವಾರ ಹೋಗಿ. ಉಗ್ಗೋದು ಬೇರೆ ವಿಷಯ, ನನ್ನ ತಂಗಿ ಮಗಳಿಗೆ ಮೂರರಲ್ಲಿ ಶುರುವಾಗಿ ತಾನೇ ನಿಂತಿತು. ಆರು ತಿಂಗಳು ದಾಟಿದರೆ, ಇಲ್ಲವೇ ಮಾತಾಡುವಾಗ ಮಗು ಮುಖ ಬಿಗಿಹಿಡಿದರೆ ಮಾತ್ರ ಬಿಡಬೇಡಿ.

ಮಗನಿಗೆ ಈಗ ಮೂರೂಕಾಲು. ನೀರು ಇಳಿದಿದೆ. ಹೊರಗಿನವರಿಗೂ ಅವನ ಮಾತು ಮುಕ್ಕಾಲು ಪಾಲು ಅರ್ಥವಾಗುತ್ತದೆ. "ರ" ಇನ್ನೂ "ಲ" ಆಗಿಯೇ ಇದೆ, ಅದು ತಡವಾಗಿ ಬರುವ ಅಕ್ಷರ, ಈಗಲೇ ಅದರ ಹಿಂದೆ ಬೀಳಬೇಡಿ ಅಂದಿದ್ದಾರೆ. ಅತ್ತೆ ಮಾತ್ರ ಈಗಲೂ "ನಾನು ಹೇಳಲಿಲ್ವಾ, ತಾನೇ ಬರುತ್ತೆ ಅಂತ" ಅನ್ನುತ್ತಾರೆ.